ಡೈನ್, ಅರ್ಗ್ ಮತ್ತು ಬೆಳಕಿನ ವೇಗ

1 ನ್ಯೂಟನ್ ಅಂದರೆ 1 ಲಕ್ಷ ಡೈನ್, 1 ಜೂಲ್ ಅಂದರೆ 1 ಕೋಟಿ ಅರ್ಗ್... ಪಿ.ಯು.ಸಿ.ಯಲ್ಲಿ ಇದನ್ನು ಉರು ಹೊಡೆದು, ಒಂದು ಅಂಕ ಗಿಟ್ಟಿಸಿ ಮರೆತವರೇ ನಾವೆಲ್ಲ. ಸಿ.ಜಿ.ಎಸ್. (ಸೆಂಟಿಮೀಟರ್, ಗ್ರಾಂ, ಸೆಕೆಂಡ್) ಹಳೆಯ ಪದ್ಧತಿ, ಸರಿ. ಆದರೆ ಅದರ ಜೊತೆಗೇ ಒಂದು ಸೊಗಸಾದ ಕಥೆಯನ್ನೂ ತರಗತಿಯಿಂದ ಹೊರಗೆ ಹಾಕಿದ್ದೇವೆ ಅನ್ನೋದು ನನ್ನ ಬೇಸರ.

1832ರಲ್ಲಿ ಜರ್ಮನಿಯ ಗೌಸ್, ಭೂಮಿಯ ಅಯಸ್ಕಾಂತ ಬಲವನ್ನೂ ಉದ್ದ, ದ್ರವ್ಯರಾಶಿ, ಕಾಲ ಈ ಮೂರರಲ್ಲೇ ಅಳೆಯಬಹುದು ಎಂದು ತೋರಿಸಿದ. ಅವನ ಜೊತೆಗಾರ ವೆಬರ್ ಅದನ್ನು ವಿದ್ಯುತ್ತಿಗೂ ಹಬ್ಬಿಸಿದ. 1873ರಲ್ಲಿ ಮ್ಯಾಕ್ಸ್‌ವೆಲ್, ವಿಲಿಯಂ ಥಾಮ್ಸನ್ ಮೊದಲಾದವರಿದ್ದ ಬ್ರಿಟಿಷ್ ಅಸೋಸಿಯೇಷನ್ ಸಮಿತಿ ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳನ್ನು ಆರಿಸಿತು. ಡೈನ್, ಅರ್ಗ್ ಎಂಬ ಹೆಸರುಗಳು ಬಂದದ್ದೂ ಆಗಲೇ. ನೀರಿನ ಸಾಂದ್ರತೆ 1 ಎಂದು ಬರುವುದು ಇದರ ದೊಡ್ಡ ಅನುಕೂಲ.

ಕಥೆ ಇರುವುದು ವಿದ್ಯುತ್ತಿನಲ್ಲಿ. ಎರಡು ಚಾರ್ಜುಗಳ ನಡುವಿನ ಬಲದಿಂದ ಹೊರಟರೆ ಚಾರ್ಜಿಗೆ ಒಂದು ಮಾನ ಸಿಗುತ್ತದೆ. ವಿದ್ಯುತ್ ಹರಿಯುವ ತಂತಿಯ ಅಯಸ್ಕಾಂತ ಗುಣದಿಂದ ಹೊರಟರೆ ಬೇರೆಯದೇ ಮಾನ! ಒಂದೇ ವಸ್ತುವಿಗೆ ಎರಡು ಅಳತೆ. ಇವೆರಡರ ಅನುಪಾತ ಬರಿಯ ಸಂಖ್ಯೆಯಲ್ಲ, ಅದೊಂದು ವೇಗ. 1856ರಲ್ಲಿ ವೆಬರ್ ಮತ್ತು ಕೋಲ್‌ರೌಷ್ ಲೇಡನ್ ಜಾಡಿಯೊಂದರ ಚಾರ್ಜನ್ನು ಎರಡೂ ಬಗೆಯಲ್ಲಿ ಅಳೆದರು. ಅವರ ಅಳತೆಯಿಂದ ಈ ವೇಗ ಸೆಕೆಂಡಿಗೆ ಸುಮಾರು 3,10,000 ಕಿ.ಮೀ. ಎಂದು ಬರುತ್ತದೆ. 1849ರಲ್ಲಿ ಫಿಜೋ ಅಳೆದಿದ್ದ ಬೆಳಕಿನ ವೇಗ ಸುಮಾರು 3,15,000 ಕಿ.ಮೀ. ಆ ಪ್ರಯೋಗದಲ್ಲಿ ಅವರು ಬೆಳಕಿನ ವೇಗವನ್ನು ಅಳೆಯಲು ಹೊರಟಿರಲಿಲ್ಲ, ಆದರೂ ಬೆಳಕು ಇಣುಕಿತ್ತು! ಈ ಹೋಲಿಕೆ ಆಕಸ್ಮಿಕವಲ್ಲ, ಬೆಳಕೇ ವಿದ್ಯುತ್ಕಾಂತೀಯ ಅಲೆ ಎಂಬ ತೀರ್ಮಾನಕ್ಕೆ 1862ರ ಹೊತ್ತಿಗೆ ಮ್ಯಾಕ್ಸ್‌ವೆಲ್ ಬಂದ.

ಹಾಗಾದರೆ ಸಿ.ಜಿ.ಎಸ್. ಯಾಕೆ ಹೋಯಿತು? ಅದು ತಪ್ಪು ಅಂತಲ್ಲ, ಬಳಕೆಗೆ ತೊಡಕು ಅಂತ. 60 ವ್ಯಾಟಿನ ಬಲ್ಬು ಸೆಕೆಂಡಿಗೆ 60 ಕೋಟಿ ಅರ್ಗ್ ತಿನ್ನುತ್ತದೆ! ಎಂಜಿನಿಯರುಗಳು ವೋಲ್ಟ್, ಓಮ್, ಆಂಪಿಯರ್‌ಗಳ ಮೊರೆ ಹೋದರು. 1901ರಲ್ಲಿ ಇಟಲಿಯ ಜಾರ್ಜಿ, ವಿದ್ಯುತ್ತಿಗೆಂದೇ ನಾಲ್ಕನೆಯ ಮೂಲಮಾನವೊಂದನ್ನು ಸೇರಿಸಿ ಎಲ್ಲವನ್ನೂ ಹೊಂದಿಸುವ ದಾರಿ ತೋರಿಸಿದ. ಆ ದಾರಿಯೇ ಮುಂದೆ 1960ರಲ್ಲಿ ಎಸ್.ಐ. ಎಂಬ ಹೆಸರು ಪಡೆಯಿತು.

ಎಸ್.ಐ. ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಅದರಲ್ಲಿ ಆ ವೇಗ ಮ್ಯೂ ನಾಟ್, ಎಪ್ಸಿಲಾನ್ ನಾಟ್‌ಗಳ ಹಿಂದೆ ಅವಿತು ಕುಳಿತಿದೆ. ಅವುಗಳ ಗುಣಲಬ್ಧದ ವರ್ಗಮೂಲ ತೆಗೆದು ತಿರುವಿದರೆ ಬೆಳಕಿನ ವೇಗ ಬರುತ್ತದೆ ಎಂದಾಗ ಹುಡುಗರಿಗೆ ಅದು ಮಾಯಾಜಾಲದಂತೆ ಕಾಣುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಳೆಯ ಕೋಡ್ ಅಳಿಸಲೇಬೇಕು, ಆದರೆ ಅದನ್ನು ಯಾಕೆ ಹಾಗೆ ಬರೆದಿದ್ದರು ಅನ್ನೋದನ್ನು ಒಂದು ಸಾಲಿನಲ್ಲಾದರೂ ಉಳಿಸುತ್ತೇವೆ. ಖಗೋಳ ವಿಜ್ಞಾನಿಗಳು ಇವತ್ತಿಗೂ ಅರ್ಗ್, ಗೌಸ್‌ಗಳಲ್ಲೇ ಲೆಕ್ಕ ಹಾಕುತ್ತಾರೆ. ನಮ್ಮ ಮೇಷ್ಟ್ರುಗಳು ಡೈನ್‌ನ ಸೊನ್ನೆ ಎಣಿಸುವುದನ್ನು ಬಿಟ್ಟು, ಆ ಹತ್ತು ನಿಮಿಷ ಲೇಡನ್ ಜಾಡಿಯ ಕಥೆ ಹೇಳಿದರೆ ಸಾಕು :-)