ಬೀಳಗಿಯ ಗಾಯಿಕೆಯರ ಗ್ರಾಮಫೋನ್ ಮುದ್ರಿಕೆಗಳು

೧

ಒಂದು ನಾಡಿನ ಚರಿತ್ರೆಯನ್ನು ಬರೆಯುವವರಿಗೆ ಶಿಲಾಶಾಸನ, ತಾಮ್ರಪಟ, ತಾಡವಾಲೆ, ಕಡತ, ನಾಣ್ಯ ಮುಂತಾದುವು ಪ್ರಧಾನವಾದ ಆಧಾರಗಳೆಂಬುದು ಸರ್ವವಿದಿತವು. ಇಪ್ಪತ್ತನೆಯ ಶತಮಾನದ ಸಂಗೀತದ ಚರಿತ್ರೆಗೆ ಇವುಗಳ ಸಾಲಿನಲ್ಲಿಯೇ ನಿಲ್ಲತಕ್ಕ ಇನ್ನೊಂದು ಆಧಾರವುಂಟು. ಅದು ಗ್ರಾಮಫೋನ್ ತಟ್ಟೆ. ಹಾಡಿದವರ ದನಿಯು ಅವರ ಆಯುಸ್ಸಿನೊಡನೆಯೇ ಮುಗಿದುಹೋಗುತ್ತಿದ್ದ ಕಾಲವು ಈ ತಟ್ಟೆಯಿಂದ ಕೊನೆಗೊಂಡಿತು. ಆದರೂ ಶಾಸನವನ್ನು ಓದುವಷ್ಟು ಎಚ್ಚರದಿಂದ ತಟ್ಟೆಯನ್ನು ಓದುವ ಪದ್ಧತಿಯು ಕನ್ನಡದಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಿಂದ ಹೊರಟ ದನಿಗಳು ಎಲ್ಲೆಲ್ಲಿ ಉಳಿದಿವೆ, ಅವನ್ನು ಹುಡುಕಿ ಕೂಡಿಡುವವರು ಯಾವ ಯಾವ ಅಂಶಗಳನ್ನು ಗಮನಿಸಬೇಕು ಎಂಬುದು ಇಲ್ಲಿಯ ವಿಚಾರವಾಗಿದೆ.

೨

ಈ ಸೀಮೆಯು ೧೯೪೮ಕ್ಕೆ ಮೊದಲು ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿಯ ಪಟವರ್ಧನರಿಗೆ ಸೇರಿದ್ದಿತು, ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿದ್ದಿತು. ಕೆಲವೇ ಹರಿದಾರಿಗಳ ಅಂತರದಲ್ಲಿ ಹೀಗೆ ಬೇರೆ ಬೇರೆ ಪ್ರಭುತ್ವಗಳಿದ್ದುವು. ೧೯೫೬ರಲ್ಲಿ ಇವೆಲ್ಲವೂ ಮೈಸೂರು ರಾಜ್ಯದಲ್ಲಿ ಕೂಡಿದುವು. ೧೯೯೭ರಲ್ಲಿ ಬಾಗಲಕೋಟೆಯ ಹೊಸ ಜಿಲ್ಲೆಗೆ ಸೇರಿದುವು.

ಜನರ ಮಾತು ಕನ್ನಡವಾಗಿದ್ದರೂ ಸಂಸ್ಥಾನಗಳ ದಫ್ತರದಲ್ಲಿ ಮರಾಠಿಯ ಬಳಕೆಯಿದ್ದಿತು. ಸಂಗೀತದಲ್ಲಿಯೂ ಇಂತಹ ಎರಡು ಪ್ರವಾಹಗಳು ಕಾಣುವುವು. ಒಂದು ಕಡೆ ಇರುಳೆಲ್ಲ ನಡೆಯುವ ಶ್ರೀಕೃಷ್ಣಪಾರಿಜಾತ, ಭಜನೆ, ಲಾವಣಿ. ಇನ್ನೊಂದು ಕಡೆ ಮಿರಜ, ಸಾಂಗಲಿ, ಕೊಲ್ಹಾಪುರಗಳಿಂದ ಹರಿದುಬಂದ ಹಿಂದುಸ್ತಾನಿ ಗಾಯನ ಮತ್ತು ಮರಾಠಿ ರಂಗಗೀತ. ಮಿರಜವೂ ಪಟವರ್ಧನರ ಸಂಸ್ಥಾನವೇ. ತಂಬೂರಿ ಸಿತಾರಗಳ ನಿರ್ಮಾಣಕ್ಕೆ ಹೆಸರಾದ ಊರು. ಕಿರಾಣಾ ಪರಂಪರೆಯ ಅಬ್ದುಲ್ ಕರೀಂ ಖಾನರು ನೆಲಸಿದ್ದುದೂ ಅಲ್ಲಿಯೇ. ಮಿರಜದಿಂದ ಲೋಂಡಾದ ಕಡೆಗೆ ಸಾಗುವ ರೈಲುಹಾದಿಯ ಕುಡಚಿಯು ಜಮಖಂಡಿ ರಬಕವಿಗಳಿಗೆ ಹತ್ತಿರದ ನಿಲ್ದಾಣವಾಗಿದ್ದಿತು. ಇಲ್ಲಿಯ ಕಲಾವಿದರಿಗೆ ಬೆಂಗಳೂರು ಮೈಸೂರುಗಳಿಗಿಂತ ಪುಣೆ ಮುಂಬಯಿಗಳು ಹತ್ತಿರವಾಗಿದ್ದುವೆಂಬುದನ್ನು ಮರೆತರೆ ಮುಂದಿನ ಸಂಗತಿಗಳು ಅರ್ಥವಾಗಲಾರವು.

೩

ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ ಮತ್ತು ಅಮೀರಬಾಯಿ ಎಂಬ ಸೋದರಿಯರು ಎಳೆಯ ವಯಸ್ಸಿನಲ್ಲಿಯೇ ರಂಗಭೂಮಿಯನ್ನು ಸೇರಿ, ಅಲ್ಲಿಂದ ಮುಂಬಯಿಗೆ ಹೋದರು. ಗೋಹರಬಾಯಿಯವರು ೧೯೩೮ರಲ್ಲಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದಲೇ ಕೀರ್ತಿವಂತರಾಗಿದ್ದ ಬಾಲಗಂಧರ್ವರ ಮಂಡಳಿಯಲ್ಲಿ ನಾಯಿಕೆಯ ಪಾತ್ರವು ಕನ್ನಡ ನಾಡಿನ ಹೆಣ್ಣುಮಗಳೊಬ್ಬಳಿಗೆ ಬಂದುದು ಸಾಮಾನ್ಯವಾದ ಸಂಗತಿಯಲ್ಲ. ಅವರ ಹಾಡಿಕೆಯೂ ಬಾಲಗಂಧರ್ವರ ಶೈಲಿಯನ್ನೇ ಅನುಸರಿಸಿದುದು. ಗೋಹರಬಾಯಿಯವರು ೧೯೬೪ರಲ್ಲಿಯೂ ಬಾಲಗಂಧರ್ವರು ೧೯೬೭ರಲ್ಲಿಯೂ ತೀರಿಕೊಂಡರು.

ಅಮೀರಬಾಯಿಯವರ ದಾರಿ ಚಲಚ್ಚಿತ್ರದ್ದು. ೧೯೩೪ರ ‘ವಿಷ್ಣುಭಕ್ತಿ’ಯಿಂದ ಮೊದಲಾಗಿ, ೧೯೪೦ರ ‘ನರಸೀ ಭಗತ್’, ೧೯೪೩ರ ‘ಕಿಸ್ಮತ್’, ೧೯೪೪ರ ‘ರತನ್’ ಚಿತ್ರಗಳಲ್ಲಿ ಅವರ ಕಂಠವು ದೇಶವನ್ನೆಲ್ಲ ಮುಟ್ಟಿತು. ‘ಕಿಸ್ಮತ್’ಗೆ ಅನಿಲ್ ವಿಶ್ವಾಸರೂ ‘ರತನ್’ಗೆ ನೌಶಾದರೂ ಸಂಗೀತವನ್ನು ಒದಗಿಸಿದ್ದರು. ೧೯೪೬ರ ‘ರಾಣಕದೇವಿ’ಯಲ್ಲಿ ಅವರು ಹಾಡಿದ ಗುಜರಾತಿ ಗೀತವು ಗುಜರಾತಿಗಳ ಮನೆಮಾತಾಯಿತು. ೧೯೪೮ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತವನ್ನು ಸಂಯೋಜಿಸಿದರು. ಆ ಕಾಲದಲ್ಲಿ ಈ ಕಾರ್ಯಕ್ಕೆ ಕೈಯಿಟ್ಟ ಮಹಿಳೆಯರು ಬಹು ವಿರಳ. ೧೯೬೫ರಲ್ಲಿ ಅವರು ಕಾಲವಾದರು. ವಿಜಾಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರಕ್ಕೆ ಅವರ ಹೆಸರೇ ಬಂದಿತು. ರಹಮತ್ ತರೀಕೆರೆಯವರು ಅವರ ಜೀವನ ಗಾಯನಗಳನ್ನು ಕುರಿತು ಕನ್ನಡದಲ್ಲಿ ಒಂದು ಗ್ರಂಥವನ್ನು ರಚಿಸಿರುವರು.

ಇಲ್ಲಿಂದ ಸಂಗ್ರಾಹಕನು ಕಲಿಯಬೇಕಾದ ಮೊದಲನೆಯ ಪಾಠವು ಇದು: ಬೀಳಗಿಯ ದನಿಯನ್ನು ಕನ್ನಡ ತಟ್ಟೆಗಳ ಪಟ್ಟಿಯಲ್ಲಿ ಮಾತ್ರ ಹುಡುಕಿದರೆ ಸಾಲದು. ಮರಾಠಿ ರಂಗಗೀತ, ಹಿಂದಿ ಚಿತ್ರಗೀತ, ಗುಜರಾತಿ ಭಜನೆ ಎಂಬ ತಲೆಬರಹಗಳ ಕೆಳಗೆ ಅದು ಹಂಚಿಹೋಗಿದೆ. ಭಾಷೆಯನ್ನು ನೋಡಿ ಪಟ್ಟಿ ಮಾಡಿದವರಿಗೆ ಊರು ಕಾಣದೆ ಹೋಯಿತು.

೪

ತಟ್ಟೆಯ ಚರಿತ್ರೆಯನ್ನೂ ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಯಲ್ಲಿ ಗೌಹರ್ ಜಾನರೇ ಮೊದಲಾದವರ ಹಾಡುಗಳನ್ನು ಮುದ್ರಿಸಿದನು. ಮುದ್ರಣವು ಇಲ್ಲಿ ನಡೆದರೂ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಹಿಂದಿರುಗಿ ಬರಬೇಕಾಗಿದ್ದಿತು. ೧೯೦೮ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆಯು ಸ್ಥಾಪಿತವಾಯಿತು. ೧೯೨೮ರಲ್ಲಿ ಡಂಡಂ ಕಾರ್ಖಾನೆಯು ಬಂದಿತು. ೧೯೨೫ರ ತರುವಾಯ ವಿದ್ಯುತ್ತಿನ ಮುದ್ರಣಕ್ರಮವು ರೂಢಿಗೆ ಬಂದುದರಿಂದ, ಕೊಳವೆಯ ಮುಂದೆ ಗಟ್ಟಿಯಾಗಿ ಹಾಡಬೇಕಾಗಿದ್ದ ಕಷ್ಟವು ತಪ್ಪಿ, ಸೂಕ್ಷ್ಮವಾದ ದನಿಗೂ ಅವಕಾಶವಾಯಿತು.

ತಟ್ಟೆಯ ಮೂಲದ್ರವ್ಯವು ಅರಗು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಮುಂತಾದುವನ್ನು ಬೆರಸುತ್ತಿದ್ದರು. ಕೈಜಾರಿದರೆ ಗಾಜಿನಂತೆ ಒಡೆಯುವುದು. ಉಕ್ಕಿನ ಮುಳ್ಳು ಉಜ್ಜಿದಷ್ಟೂ ಗೆರೆಯು ಸವೆಯುವುದು. ಮೆಚ್ಚಿ ಮತ್ತೆ ಮತ್ತೆ ಕೇಳಿದ ತಟ್ಟೆಯೇ ಬೇಗ ಕೆಡುವುದರಿಂದ, ಜನಪ್ರಿಯವಾದ ಹಾಡುಗಳ ಒಳ್ಳೆಯ ಪ್ರತಿಗಳು ದುರ್ಲಭವಾಗಿರುವುದು ಆಶ್ಚರ್ಯವಲ್ಲ.

ಇಂತಹ ತಟ್ಟೆಯ ಪ್ರಭಾವವಾದರೋ ಅಲ್ಪವಲ್ಲ. ಗದಗಿನ ಬಾಲಕನೊಬ್ಬನು ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ, ಅಂತಹ ಗಾಯನವನ್ನು ಕಲಿಯಬೇಕೆಂದು ೧೯೩೩ರಲ್ಲಿ ಮನೆಯನ್ನು ಬಿಟ್ಟು ಹೊರಟನು. ಮುಂದೆ ಭೀಮಸೇನ ಜೋಶಿಯವರೆಂದು ಲೋಕವಿಖ್ಯಾತರಾದವರು ಇವರೇ.

೫

ತಟ್ಟೆಯ ನಡುವಣ ಕಾಗದದ ಚೀಟಿಯು ಶಾಸನಪಾಠದಂತೆ ಓದತಕ್ಕುದು. ಅದರಲ್ಲಿ ಹಾಡಿದವರ ಹೆಸರು, ಹಾಡಿನ ಮೊದಲ ನುಡಿ, ಭಾಷೆ, ಪಟ್ಟಿಯ ಸಂಖ್ಯೆ ಮುಂತಾದುವು ಇರುವುವು. ಚೀಟಿಗೂ ಗೆರೆಗಳಿಗೂ ನಡುವಣ ನುಣ್ಣನೆಯ ಭಾಗದಲ್ಲಿ ಇನ್ನೊಂದು ಸಂಖ್ಯೆಯು ಒತ್ತಿರುವುದು. ಅದು ಮುದ್ರಣದ ಕಾಲದಲ್ಲಿ ಕೊಟ್ಟುದು. ಅದೇ ಹಾಡು ಬೇರೆ ಚೀಟಿಯೊಡನೆ ಮತ್ತೆ ಪ್ರಕಟವಾದಾಗ ಪಟ್ಟಿಯ ಸಂಖ್ಯೆಯು ಬದಲಾಗಬಹುದು, ಒತ್ತಿದ ಸಂಖ್ಯೆಯು ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದುದರಿಂದ ಕಾಲನಿರ್ಣಯಕ್ಕೆ ಎರಡನೆಯದೇ ಹೆಚ್ಚು ನೆಚ್ಚತಕ್ಕುದು.

ಹೆಸರಿನ ವಿಷಯದಲ್ಲಿ ವಿಶೇಷವಾದ ಎಚ್ಚರವು ಬೇಕು. ಕಲ್ಕತ್ತೆಯ ಗೌಹರ್ ಜಾನರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡವರು. ಮುಂಬಯಿಯ ಚಿತ್ರನಟಿ ಗೋಹರ್ ಎಂಬವರು ಬೇರೊಬ್ಬರು. ಬೀಳಗಿಯ ಗೋಹರಬಾಯಿಯವರು ಮೂರನೆಯವರು. ‘ಗೋಹರ್’ ಎಂಬ ಹೆಸರನ್ನೂ ಕನ್ನಡ ನಾಡಿನ ಸಂಬಂಧವನ್ನೂ ಮಾತ್ರ ನೋಡಿದವರು ಮೊದಲನೆಯವರನ್ನೂ ಮೂರನೆಯವರನ್ನೂ ಒಂದಾಗಿ ಎಣಿಸುವ ಅಪಾಯವುಂಟು. ಮೊದಲನೆಯವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಸಾರುವ ರೂಢಿಯು ಪ್ರಸಿದ್ಧವಾದುದು. ಇದು ಕಿವಿಗೆ ಸಿಗುವ ಸಾಕ್ಷ್ಯ. ಮೂರನೆಯವರಿಗೆ ಅವರ ಹೆಸರಿನ ಮುಂದಣ ‘ಕರ್ನಾಟಕಿ’ ಎಂಬ ವಿಶೇಷಣವೇ ಸಾಕ್ಷ್ಯ.

ಈ ವಿಶೇಷಣವು ಚರಿತ್ರಕಾರನಿಗೆ ಬೆಲೆಯುಳ್ಳದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಅದಕ್ಕೆ ಮೊದಲು ಕನ್ನಡ ನಾಡುಗಳು ಒಂದುಗೂಡಿದುದೇ ೧೯೫೬ರಲ್ಲಿ. ಅದಕ್ಕೂ ಹಿಂದೆ, ನಾಡು ಹಲವು ತುಂಡುಗಳಾಗಿದ್ದಾಗ, ವಿಜಾಪುರ ಜಿಲ್ಲೆಯ ಇಬ್ಬರು ಸೋದರಿಯರು ಮುಂಬಯಿಯ ಚೀಟಿಗಳ ಮೇಲೆ ಆ ಹೆಸರನ್ನು ಹೊತ್ತು ಉತ್ತರ ಭಾರತದ ಮನೆಮನೆಗಳನ್ನು ಮುಟ್ಟಿದರು. ಏಕೀಕರಣದ ಸಭೆಗಳ ಚರಿತ್ರೆಯಲ್ಲಿ ಈ ಸಂಗತಿಗೂ ಒಂದು ಸ್ಥಾನವು ಸಲ್ಲತಕ್ಕುದು.

೬

ತಟ್ಟೆಯನ್ನು ಆಧಾರವಾಗಿ ಹಿಡಿಯುವಾಗ ಅದರ ಮಿತಿಯನ್ನೂ ಅರಿಯಬೇಕು. ಹತ್ತು ಅಂಗುಲದ ತಟ್ಟೆಯ ಒಂದು ಮೈಯಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಹಿಡಿಸುವುದು. ರಂಗದ ಮೇಲೆ ಪ್ರೇಕ್ಷಕರ ಒತ್ತಾಯದಿಂದ ಮತ್ತೆ ಮತ್ತೆ ಹಾಡುತ್ತಿದ್ದ ಪದವು ಇಲ್ಲಿ ಆಲಾಪವನ್ನು ಕಳೆದುಕೊಂಡು, ಗತಿಯನ್ನು ಹೆಚ್ಚಿಸಿಕೊಂಡು ಬರುವುದು. ಇರುಳೆಲ್ಲ ನಡೆಯುವ ಪಾರಿಜಾತಕ್ಕಂತೂ ಮೂರು ನಿಮಿಷಗಳ ಅಚ್ಚು ಹೊಂದುವಂತಹದೇ ಅಲ್ಲ. ಆದುದರಿಂದ ತಟ್ಟೆಯಲ್ಲಿರುವುದನ್ನೇ ರಂಗದ ರೂಪವೆಂದು ಭಾವಿಸಲಾಗದು. ಮತ್ತು ಮೊದಮೊದಲಿನ ತಟ್ಟೆಗಳೆಲ್ಲವೂ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನವುಗಳಲ್ಲ. ನಿಧಾನವಾಗಿ ಮುದ್ರಿಸಿದುದನ್ನು ಬೇಗ ತಿರುಗಿಸಿದರೆ ಶ್ರುತಿಯು ಏರಿ, ಗಾಯಕರ ಕಂಠದ ವಿಷಯದಲ್ಲಿ ತಪ್ಪು ನಿರ್ಣಯವು ಹುಟ್ಟುವುದು.

೭

ಇಂತಹ ತಟ್ಟೆಗಳನ್ನು ಉಳಿಸಿದವರು ಬಹುಮಟ್ಟಿಗೆ ವಿದ್ವಾಂಸರಲ್ಲ, ಸಂಗ್ರಾಹಕರು. ಮುಂಬಯಿಯ ಚೋರ್ ಬಜಾರಿನಂತಹ ಹಳೆಯ ಸಾಮಾನಿನ ಪೇಟೆಗಳಲ್ಲಿ ರಾಶಿಗಳನ್ನು ಕೆದಕಿ ಆರಿಸಿದವರು ಅವರು. ೧೯೯೦ರಲ್ಲಿ ಮುಂಬಯಿಯಲ್ಲಿ ಭಾರತೀಯ ಧ್ವನಿಮುದ್ರಿಕೆಗಳ ಸಂಗ್ರಾಹಕರ ಸಂಘವು ಸ್ಥಾಪಿತವಾಗಿ, ತನ್ನದೇ ಪತ್ರಿಕೆಯಲ್ಲಿ ತಟ್ಟೆಗಳ ಪಟ್ಟಿಗಳನ್ನೂ ಕಲಾವಿದರ ವೃತ್ತಾಂತಗಳನ್ನೂ ಪ್ರಕಟಿಸಿತು.

ಪಂಡಿತರು ಹಗುರವೆಂದು ಬದಿಗಿಟ್ಟ ಸಂಗೀತವನ್ನು ಸಂಗ್ರಾಹಕರು ಕಾಯುವುದು ಇತರ ದೇಶಗಳಲ್ಲಿಯೂ ಕಾಣಬರುವುದು. ಜಪಾನಿನಲ್ಲಿ ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ಹುಟ್ಟಿ ‘ಸಿಟಿ ಪಾಪ್’ ಎನಿಸಿಕೊಂಡ ನಗರಗೀತಗಳು ಕೆಲಕಾಲ ಮರೆಯಾಗಿದ್ದುವು. ಮಾತ್ಸುಬಾರಾ ಮಿಕಿ ಎಂಬಾಕೆಯು ೧೯೭೯ರಲ್ಲಿ ಹಾಡಿದ ಗೀತವು, ಆಕೆ ೨೦೦೪ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ, ೨೦೨೦ರಲ್ಲಿ ಅಂತರ್ಜಾಲದ ಮೂಲಕ ದೇಶದೇಶಗಳಲ್ಲಿ ಹರಡಿತು. ಟೋಕಿಯೋದ ಹಳೆಯ ತಟ್ಟೆಗಳ ಅಂಗಡಿಗಳನ್ನು ಪರದೇಶೀಯರು ಅರಸಿ ಬಂದರು. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆ ದೀರ್ಘಮುದ್ರಿಕೆಗಳ ಹೊದಿಕೆಯ ಮೇಲೆ ರಚನಕಾರರು, ವಾದ್ಯಗಾರರು ಮುಂತಾದವರ ಹೆಸರುಗಳನ್ನು ಅಚ್ಚುಮಾಡುವ ರೂಢಿಯಿದ್ದಿತು. ತಟ್ಟೆಯು ಎಲ್ಲಿಗೆ ಹೋದರೂ ತನ್ನ ವೃತ್ತಾಂತವನ್ನು ತನ್ನೊಡನೆ ಒಯ್ದಿತು. ಅರಗಿನ ತಟ್ಟೆಯ ಪುಟ್ಟ ಚೀಟಿಯಲ್ಲಿ ಅಷ್ಟು ಎಡೆಯಿಲ್ಲ. ಹಾರ್ಮೋನಿಯಂ ನುಡಿಸಿದವರಾರು, ತಬಲಾ ಹಿಡಿದವರಾರು, ಹಾಡು ಯಾವ ನಾಟಕದ್ದು ಎಂಬುದು ತಟ್ಟೆಯನ್ನು ಕೊಂಡ ಮನೆಯವರ ನೆನಪಿನಲ್ಲಿ ಮಾತ್ರ ಉಳಿದಿರುವುದುಂಟು. ಆ ಮನೆಯಿಂದ ತಟ್ಟೆಯು ಪೇಟೆಗೆ ಹೋದೊಡನೆ ದನಿ ಉಳಿಯುವುದು, ವೃತ್ತಾಂತ ಅಳಿಯುವುದು. ದೊರೆತ ಸ್ಥಳವನ್ನು ಬರೆದಿಡದೆ ಮಾರಿದ ತಾಮ್ರಪಟಕ್ಕೂ ಇದಕ್ಕೂ ಭೇದವಿಲ್ಲ.

೮

ಕವಿ ರನ್ನನು ಮುಧೋಳದ ನಾಡಿನವನು. ಅವನ ಅಜಿತಪುರಾಣಕ್ಕೆ (೯೯೩) ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಂದು ಕೃತಿಯು ಉಳಿಯಬೇಕಾದರೆ ಪ್ರತಿಗಳು ಹಲವಾಗಿರಬೇಕು, ಹಲವು ಕೈಗಳಲ್ಲಿರಬೇಕು ಎಂಬ ತಿಳಿವಳಿಕೆಯು ಆ ಮಹಾತಾಯಿಗೆ ಇದ್ದಿತು. ಗ್ರಾಮಫೋನಿನ ವ್ಯಾಪಾರವು ಲಾಭಕ್ಕಾಗಿಯಾದರೂ ಅದೇ ಕಾರ್ಯವನ್ನು ನಡಸಿತು. ಆದರೆ ಆ ಪ್ರತಿಗಳು ದಿನದಿನಕ್ಕೆ ಒಡೆಯುತ್ತಲೂ ಚದರುತ್ತಲೂ ಇವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ನೆಲೆಯನ್ನು ಬದಲಿಸಬೇಕಾಯಿತು. ಹಳೆಯ ಮನೆಯನ್ನು ತೊರೆದು ಹೊರಡುವವರು ಅಟ್ಟದ ಮೇಲಣ ಭಾರವಾದ ಪೆಟ್ಟಿಗೆಗಳನ್ನೆಲ್ಲ ಒಯ್ಯುವುದು ಸುಲಭವಲ್ಲ.

ಆದುದರಿಂದ ಈ ಸೀಮೆಯಲ್ಲಿ ಆಗಬೇಕಾದ ಕಾರ್ಯವು ಎರಡು ಬಗೆಯದು. ಒಂದು, ಮುಂಬಯಿ ಪುಣೆಗಳ ಸಂಗ್ರಹಗಳಲ್ಲಿರುವ ‘ಕರ್ನಾಟಕಿ’ ಸೋದರಿಯರ ತಟ್ಟೆಗಳೆಲ್ಲವನ್ನೂ, ಭಾಷಾಭೇದವನ್ನು ಎಣಿಸದೆ, ಎರಡು ಸಂಖ್ಯೆಗಳ ಸಹಿತವಾಗಿ ಪಟ್ಟಿಮಾಡುವುದು. ಎರಡು, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿಗಳ ಮನೆಗಳಲ್ಲಿ ಉಳಿದಿರುವ ತಟ್ಟೆಗಳನ್ನು, ಅವುಗಳನ್ನು ಕೊಂಡವರ ಮನೆಯವರು ಹೇಳುವ ವೃತ್ತಾಂತದೊಡನೆ, ಇದ್ದ ಸ್ಥಳದಲ್ಲಿಯೇ ಬರೆದುಕೊಳ್ಳುವುದು. ಮೊದಲನೆಯದನ್ನು ನಾಳೆಯೂ ಮಾಡಬಹುದು, ಏಕೆಂದರೆ ಸಂಗ್ರಾಹಕರು ತಟ್ಟೆಗಳನ್ನು ಕಾಯುತ್ತಿರುವರು. ಎರಡನೆಯದಕ್ಕೆ ಆಧಾರವಾದ ಹಿರಿಯರ ನೆನಪು ಕಾಯಲಾರದು. ಊರೂರಿನ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಇದನ್ನು ಕೈಕೊಂಡರೆ, ಬೀಳಗಿಯ ದನಿಗೆ ಅದರ ಊರು ಮರಳಿ ದೊರೆಯುವುದು.