ದೀಪದ ತಂತಿ, ಸುದ್ದಿಯ ತಂತಿ

ದೆಹಲಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು 2012ನೆಯ ಇಸವಿಯ ಜುಲೈ 30ರ ರಾತ್ರಿಯನ್ನು ಮರೆತಿರಲಾರವು. ಬೆಳಗಿನ ಜಾವ ಎರಡೂವರೆಯ ಸುಮಾರಿಗೆ ಉತ್ತರ ಭಾರತದ ವಿದ್ಯುಜ್ಜಾಲವು ಕುಸಿದುಬಿದ್ದಿತು. ಮರುದಿನ ಮಧ್ಯಾಹ್ನ ಪೂರ್ವ, ಈಶಾನ್ಯ ಜಾಲಗಳನ್ನೂ ಎಳೆದುಕೊಂಡು ಮತ್ತೆ ಬಿದ್ದಿತು. 60 ಕೋಟಿಗೂ ಮೇಲ್ಪಟ್ಟ ಜನ ವಾಸಿಸುವ ನಾಡು ವಿದ್ಯುತ್ತಿಲ್ಲದೆ ಕುಳಿತಿತು.

ಹಲವು ಮಾರ್ಗಗಳು ಮೊದಲೇ ಕೆಲಸಕ್ಕಿಲ್ಲದಿದ್ದವು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು. ಆದರೂ ಕಡೆಯ ಪೆಟ್ಟು ಕೊಟ್ಟುದು ಬೀನಾ–ಗ್ವಾಲಿಯರ್ ನಡುವಣ 400 ಕಿಲೋವೋಲ್ಟಿನ ಮಾರ್ಗ. ಅದರ ತಂತಿಯಲ್ಲಿ ದೋಷವೇನೂ ಇರಲಿಲ್ಲ. ಹೊರೆ ಅತಿಯಾಗಿತ್ತು, ಅಷ್ಟೆ. ಕಾವಲಿಗಿಟ್ಟ ರಿಲೇ ಎಂಬ ಯಂತ್ರವು ಹೊರೆಯನ್ನೇ ದೋಷವೆಂದು ಬಗೆದು ಮಾರ್ಗವನ್ನು ಕಡಿದುಹಾಕಿತು. ಆ ಹೊರೆ ನೆರೆಯ ಮಾರ್ಗಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಕಳಚಿಕೊಂಡವು.

ಕಡಿಯುವ ಮೊದಲು ಆ ರಿಲೇ ನೆರೆಯ ರಿಲೇಗಳನ್ನು ಒಂದು ಮಾತು ಕೇಳಿದ್ದರೆ? ಈ ಪ್ರಶ್ನೆ ಹೊಸದಲ್ಲ. ಆದರೆ ಕೇಳಿದ ಮಾತಿಗೆ ಉತ್ತರ ಕ್ಷಣಾರ್ಧದಲ್ಲಿ ಬರಬೇಕು. ಸುದ್ದಿ ತಡವಾದರೆ ಕೇಳಿಯೂ ಕೆಡುಕೇ. ಇದನ್ನು ಪರೀಕ್ಷಿಸಲು ಕೋಟ್ಯಂತರ ಮನೆಗಳ ದೀಪವನ್ನು ಪಣವಾಗಿ ಒಡ್ಡುವಂತಿಲ್ಲ. ಅಣಕು ಜಾಲವೊಂದನ್ನು ಕಟ್ಟಿ ನೋಡಬೇಕು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ವಿದ್ಯುತ್ತು ಹರಿದಾಗ ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದಾಗಿತ್ತು. ಮಾರ್ಗಗಳು ಬಲೆಯಂತೆ ಹೆಣೆದುಕೊಂಡ ಮೇಲೆ ಅದು ಸಾಗಲಿಲ್ಲ. ಆಗ, 1929ರಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹೆರಾಲ್ಡ್ ಹೇಜನ್ ಮೊದಲಾದವರು ಇಡಿಯ ಜಾಲದ ಪುಟ್ಟ ಪ್ರತಿರೂಪವನ್ನು ಕೋಣೆಯೊಳಗೆ ನಿಲ್ಲಿಸಿದರು. ಮುಂದೆ ಆ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿತು. ಸುದ್ದಿ ಸಾಗಿಸುವ ಜಾಲದವರೂ ತಮ್ಮ ಅಣಕನ್ನು ಬೇರೆಯಾಗಿ ಕಟ್ಟಿಕೊಂಡರು. ಒಂದೇ ಓಣಿಯಲ್ಲಿದ್ದು ಮಾತಾಡದ ನೆಂಟರಂತೆ ಎರಡೂ ಉಳಿದವು.

ಬೇರೆಯಾಗಿರುವುದು ಎಷ್ಟು ಅಪಾಯವೆಂಬುದನ್ನು 2003ರ ಆಗಸ್ಟ್ 14 ತೋರಿಸಿತು. ಅಮೆರಿಕದ ಒಹಾಯೋದಲ್ಲಿ ಕಾದ ತಂತಿಗಳು ಜೋತು ಮರಕ್ಕೆ ತಗುಲುತ್ತಿದ್ದ ಹೊತ್ತಿಗೇ ನಿಯಂತ್ರಣ ಕೊಠಡಿಯ ಎಚ್ಚರಿಕೆಯ ಕಂಪ್ಯೂಟರು ಮೂಕವಾಗಿತ್ತು. ಅದು ಮೂಕವಾಗಿದೆಯೆಂಬುದೂ ಅಲ್ಲಿದ್ದವರಿಗೆ ಗಂಟೆಗೂ ಮೀರಿ ತಿಳಿಯಲಿಲ್ಲ. ಸುಮಾರು 5 ಕೋಟಿ ಜನರ ದೀಪ ಆರಿತು.

ಎರಡು ಅಣಕುಗಳನ್ನು ಜೊತೆಯಾಗಿ ಓಡಿಸುವುದಕ್ಕೆ ಕೋ-ಸಿಮ್ಯುಲೇಷನ್ ಎನ್ನುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆದ 'ಎಪಾಕ್ಸ್' ಎಂಬ ವ್ಯವಸ್ಥೆಯ ವಿಸ್ತೃತ ವಿವರಣೆ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಪರೀಕ್ಷೆಗೆ ಒಡ್ಡಿದುದರಲ್ಲಿ ಒಂದು, ನೆರೆಯವರನ್ನು ಕೇಳಿ ನಡೆಯುವ ರಿಲೇ! ಆದರೆ ಎರಡು ಅಣಕುಗಳ ಗಡಿಯಾರ ಬೇರೆ. ಆದುದರಿಂದ ಗೊತ್ತಾದ ಗಳಿಗೆಗಳಲ್ಲಿ ಮಾತ್ರ ಎರಡನ್ನೂ ನಿಲ್ಲಿಸಿ ಸುದ್ದಿ ಬದಲಾಯಿಸುತ್ತಿದ್ದರು. ಬ್ಯಾಂಕಿನ ಗುಮಾಸ್ತನಾದ ನನಗೆ ಇದರ ತೊಡಕು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಶಾಖೆಗಳ ಲೆಕ್ಕವನ್ನು ಸಂಜೆಗೊಮ್ಮೆ ಮಾತ್ರ ತಾಳೆ ನೋಡುವುದಾದರೆ, ಬೆಳಗ್ಗೆ ಬಂದ ತುರ್ತು ಪತ್ರವೂ ಸಂಜೆಯವರೆಗೆ ಮೇಜಿನ ಮೇಲೆಯೇ ಕೊಳೆಯುತ್ತದೆ. ಕ್ಷಣದ ಭಾಗಗಳನ್ನು ಎಣಿಸುವ ಕಡೆ ಆ ಕಾಯುವಿಕೆಯೇ ಸುಳ್ಳು ಫಲ ಕೊಡುತ್ತದೆ. 2012ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 'ಗೆಕೊ' ಎಂಬ ವ್ಯವಸ್ಥೆಯಲ್ಲಿ ಇದನ್ನು ತಿದ್ದಿದರು: ಎರಡು ಕಡೆಯ ಘಟನೆಗಳನ್ನೂ ಒಂದೇ ಸರದಿಯಲ್ಲಿ ನಿಲ್ಲಿಸಿ, ಯಾವುದು ಮೊದಲೋ ಅದನ್ನೇ ಮೊದಲು ನಡೆಸಿದರು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳು ಹೊರತಂದ 'ಹೆಲಿಕ್ಸ್' ಇನ್ನೂ ಅನೇಕ ಅಣಕುಗಳನ್ನು ಒಟ್ಟಿಗೆ ಕೂಡಿಸುತ್ತದೆ.

ದೂರದೇಶದ ಈ ಕಥೆ ನಮಗೇತಕ್ಕೆ ಎನ್ನುವವರುಂಟು. 2012ರಲ್ಲಿ ದಕ್ಷಿಣದ ಜಾಲ ಬೀಳಲಿಲ್ಲ. ಉಳಿದ ಜಾಲಗಳೊಡನೆ ಅದು ಒಂದೇ ತಾಳಕ್ಕೆ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರದ 765 ಕಿಲೋವೋಲ್ಟಿನ ಮಾರ್ಗ ಆ ಬೆಸುಗೆಯನ್ನೂ ಮಾಡಿತು. ಅಂದಿನಿಂದ ದೆಹಲಿಯ ನಮ್ಮ ಮನೆಯ ದೀಪವೂ ಊರಿನಲ್ಲಿ ತಾಯಿ ಹಚ್ಚುವ ದೀಪವೂ ಒಂದೇ ಜಾಲದವು. ಬಲವೂ ಹಂಚಿಕೆ, ಕೇಡೂ ಹಂಚಿಕೆ. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ನಿಜವಾದ ರಿಲೇಯನ್ನೇ ಕಂಪ್ಯೂಟರಿನ ಅಣಕು ಜಾಲಕ್ಕೆ ತಂತಿಯಿಂದ ಜೋಡಿಸಿ, ಜಾಲವು ಬೀಳುತ್ತಿದೆಯೆಂದು ಅದನ್ನು ನಂಬಿಸಿ, ಅದೇನು ಮಾಡುತ್ತದೆಂದು ನೋಡುತ್ತಾರೆ.