ನರಗುಂದದ ಇಬ್ಬರು ಗಣಕರು: ಬೆಳ್ವೊಲದಲ್ಲಿ ಮಳೆ ನಕ್ಷತ್ರ, ಪಂಚಾಂಗ ಮತ್ತು ಫಲ

ರೋಣ ತಾಲ್ಲೂಕಿನ ಬೆಳವಣಕಿಯಂಥ ಎರೆ ಸೀಮೆಯ ಊರಲ್ಲಿ ಪಂಚಾಂಗಕ್ಕೆ ವರ್ಷದಲ್ಲಿ ಎರಡು ಸಲ ಬೆಲೆ ಬರುತ್ತದೆ. ಒಮ್ಮೆ ಯುಗಾದಿಯ ದಿನ, ಸಂವತ್ಸರದ ಫಲ ಓದುವಾಗ. ಇನ್ನೊಮ್ಮೆ ಮೇ ಕೊನೆಯ ವಾರದಲ್ಲಿ, ಹೊಲ ಹರಗಿ ಹದ ಮಾಡಿಟ್ಟ ರೈತ ಅಯ್ಯನವರನ್ನೋ ಆಚಾರ್ರನ್ನೋ ನಿಲ್ಲಿಸಿ "ಮಿರಗ ಎಂದ ಕೂಡತೈತ್ರಿ?" ಎಂದು ಕೇಳುವಾಗ. ಮೇಲ್ನೋಟಕ್ಕೆ ಎರಡೂ ಒಂದೇ ಪುಸ್ತಕದ ಮಾತು. ಆದರೆ ಯುಗಾದಿಯ ದಿನ ಜನ ಕೇಳುವುದು ಫಲವನ್ನು, ಮಿರಗದ, ಎಂದರೆ ಮೃಗಶಿರಾ ಮಳೆಯ ಹೊತ್ತಿಗೆ ಕೇಳುವುದು ಲೆಕ್ಕವನ್ನು. ಈ ನೆಲದಲ್ಲಿ ಜ್ಯೋತಿಷದ ಸಾವಿರ ವರ್ಷದ ಚರಿತ್ರೆಯನ್ನು ಹಿಂಬಾಲಿಸಿದರೆ ಲೆಕ್ಕ ಮತ್ತೆ ಮತ್ತೆ ತನ್ನನ್ನು ತಿದ್ದಿಕೊಂಡದ್ದು ಕಾಣುತ್ತದೆ. ಫಲ ಹಾಗೆ ತಿದ್ದಿಕೊಳ್ಳಲಿಲ್ಲ. ಇದನ್ನು ತೋರಿಸಲು ದೂರ ಹೋಗಬೇಕಿಲ್ಲ, ಪಕ್ಕದ ನರಗುಂದಕ್ಕೆ ಹೋದರೆ ಸಾಕು.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಜ್ಯೋತಿಷ ಗ್ರಂಥ 'ಜಾತಕತಿಲಕ'. ಅದನ್ನು ಬರೆದ ಶ್ರೀಧರಾಚಾರ್ಯ ಬೆಳ್ವೊಲ ನಾಡಿನ ನರಿಗುಂದದವನು. ಇಂದಿನ ನರಗುಂದವೇ ಅದು. ಶ್ರೀಧರಾಚಾರ್ಯ ಜೈನ ಬ್ರಾಹ್ಮಣ. ಕಲ್ಯಾಣ ಚಾಲುಕ್ಯರ ಆಹವಮಲ್ಲ, ಎಂದರೆ ಮೊದಲನೆಯ ಸೋಮೇಶ್ವರ ಆಳುತ್ತಿದ್ದ ಕಾಲ. ಗ್ರಂಥ ರಚನೆಯಾದದ್ದು ಶಕ 971ರಲ್ಲಿ, ಕ್ರಿ.ಶ. 1049. ಆ ವರ್ಷದ ಸಂವತ್ಸರ ಯಾವುದೆಂದು ಓದುಗರೇ ಕಂಡುಕೊಳ್ಳಬಹುದು: ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಬೇಕಾದ ಸಂಖ್ಯೆ. 983ನ್ನು 60ರಿಂದ ಭಾಗಿಸಿದರೆ 23 ಉಳಿಯುತ್ತದೆ, ಇಪ್ಪತ್ತಮೂರನೆಯದು ವಿರೋಧಿ. ಇದೇ ಸೂತ್ರ ಶಕ 1947ಕ್ಕೂ ನಡೆಯುತ್ತದೆ. ಶೇಷ 39, ವಿಶ್ವಾವಸು. 2025ರ ಮಾರ್ಚ್ 30ರ ಯುಗಾದಿಗೆ ಕಾಲಿಟ್ಟ ಸಂವತ್ಸರ ಅದು. ಒಂದು ಸಾವಿರ ವರ್ಷ ಎಲ್ಲೂ ಕೊಂಡಿ ತಪ್ಪದೆ ಈ ಎಣಿಕೆ ಬಂದಿರುವುದು ಸಣ್ಣ ಸಂಗತಿಯಲ್ಲ.

ಶ್ರೀಧರಾಚಾರ್ಯ ಇದಕ್ಕೂ ಮುಂಚೆ 'ಚಂದ್ರಪ್ರಭಚರಿತೆ' ಎಂಬ ಕಾವ್ಯ ಬರೆದಿದ್ದ, ಅದು ಸಿಕ್ಕಿಲ್ಲ. ಕಾವ್ಯದಲ್ಲಿ ಕೈ ಪಳಗಿದವನು ಶಾಸ್ತ್ರಕ್ಕೆ ಕನ್ನಡ ಪದ್ಯವನ್ನು ಒಗ್ಗಿಸಿದ ಎಂಬುದೇ ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು. ಅದುವರೆಗೆ ಸಂಸ್ಕೃತ ಬಲ್ಲವರ ಕೈಯಲ್ಲಷ್ಟೇ ಇದ್ದ ವಿದ್ಯೆ ಬೆಳ್ವೊಲದ ಮಾತಿಗೆ ಇಳಿಯಿತು. ವಸ್ತು ಮಾತ್ರ ವರಾಹಮಿಹಿರನ 'ಬೃಹಜ್ಜಾತಕ'ದ ದಾರಿಯದು: ಗ್ರಹಬಲ, ಅರಿಷ್ಟ, ಆಯುಸ್ಸು, ದಶೆ, ರಾಜಯೋಗ. ಚಂದ್ರನ ವೃದ್ಧಿಕ್ಷಯಗಳಿಗೆ ಈ ಪರಂಪರೆಯಲ್ಲಿ ನೇರವಾದ ಪಾತ್ರವಿದೆ. ಬೆಳೆಯುವ ಚಂದ್ರ ಶುಭ, ಕ್ಷೀಣಚಂದ್ರ ಪಾಪಗ್ರಹಗಳ ಸಾಲಿಗೆ ಸೇರುತ್ತಾನೆ. ಗೋಚಾರವನ್ನು ಎಣಿಸುವುದೂ ಹುಟ್ಟಿದಾಗ ಚಂದ್ರನಿದ್ದ ರಾಶಿಯಿಂದಲೇ.

ಈ ಜಾತಕ ಪರಂಪರೆಯನ್ನು 'ವೈದಿಕ' ಎಂದು ಕರೆಯುವ ಈಚಿನ ರೂಢಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ವೇದಾಂಗ ಜ್ಯೋತಿಷದಲ್ಲಿ ತಿಥಿ ಇದೆ, ನಕ್ಷತ್ರ ಇದೆ, ಅಯನ ಇದೆ. ಯಜ್ಞದ ಕಾಲ ಗೊತ್ತುಮಾಡಲು ಬೇಕಾದಷ್ಟು ಗಣಿತ ಇದೆ. ಮೇಷಾದಿ ರಾಶಿಗಳಾಗಲಿ, ಹುಟ್ಟಿದ ಹೊತ್ತಿನಿಂದ ಬಾಳು ಹೇಳುವ ಜಾತಕವಾಗಲಿ ಅಲ್ಲಿಲ್ಲ. ಹೋರಾ, ಕೇಂದ್ರ, ಪಣಫರ, ಆಪೋಕ್ಲಿಮ ಇವೆಲ್ಲ ಗ್ರೀಕ್ ಪದಗಳು. ವರಾಹಮಿಹಿರ ಯವನರಿಗೆ, ಎಂದರೆ ಗ್ರೀಕರಿಗೆ, ಆ ಗೌರವವನ್ನು ಬಾಯಿಬಿಟ್ಟೇ ಸಲ್ಲಿಸಿದ್ದಾನೆ. ನಾವು ಮುಚ್ಚಿಡುವ ಅಗತ್ಯವಿಲ್ಲ.

ಶ್ರೀಧರಾಚಾರ್ಯನ ಕಾಲದ ಜನ ಚಂದ್ರನ ಕಲೆಗಳನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬುದಕ್ಕೆ ಗ್ರಂಥಕ್ಕಿಂತ ಕಲ್ಲುಗಳು ಒಳ್ಳೆಯ ಸಾಕ್ಷಿ. ಗಜೇಂದ್ರಗಡದ ಹತ್ತಿರದ ಸೂಡಿ, ರೋಣ, ಲಕ್ಕುಂಡಿ, ಅಣ್ಣಿಗೇರಿ ಹೀಗೆ ಬೆಳ್ವೊಲದ ಸುತ್ತಮುತ್ತ ಚಾಲುಕ್ಯ ಕಾಲದ ಶಾಸನಗಳು ದಟ್ಟವಾಗಿವೆ. ದಾನ ಕೊಟ್ಟ ದಿನಕ್ಕೆ ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಉತ್ತರಾಯಣ ಸಂಕ್ರಾಂತಿ, ವ್ಯತೀಪಾತ ಇವನ್ನು ಹುಡುಕಿ ಹೊಂದಿಸುವುದು ಈ ಶಾಸನಗಳ ವಾಡಿಕೆ. ಇಲ್ಲಿ ಪರ್ವಕಾಲ ಎಂದರೆ ಮುಂದೇನಾಗುತ್ತದೆಂದು ಹೇಳುವ ಹೊತ್ತಲ್ಲ. ಕೊಟ್ಟದ್ದು ಇಮ್ಮಡಿಯಾಗುವ ಹೊತ್ತು. ಆ ಭಕ್ತಿಯಿಂದ ಚರಿತ್ರೆಗೆ ಬೇರೊಂದು ಲಾಭವಾಯಿತು. ಗ್ರಹಣ ಯಾರ ಅಪ್ಪಣೆಗೂ ಕಾಯುವುದಿಲ್ಲವಾದ್ದರಿಂದ ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಹಿಂದಕ್ಕೆ ಗುಣಿಸಿ ಕಲ್ಲಿನ ತೇದಿ ಸರಿಯೋ ತಪ್ಪೋ ಎಂದು ಪರೀಕ್ಷಿಸಿದರು. 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಸೇರಿ ಭಾರತೀಯ ಕಾಲಗಣನೆಯ ಕೋಷ್ಟಕಗಳನ್ನೇ ಹೊರತಂದರು. ತಿಥಿ, ವಾರ ಕೂಡದ ಶಾಸನಗಳೂ ಸಿಕ್ಕವು. ಆಗಲೂ ಗಣಕರು ತಪ್ಪುತ್ತಿದ್ದರು; ತಪ್ಪಿದ್ದು ಗೊತ್ತಾಗುವಂತಿತ್ತು ಎಂಬುದು ಮುಖ್ಯ.

ಮಳೆಯ ಭವಿಷ್ಯಕ್ಕೆ ಕನ್ನಡದಲ್ಲಿ ಬೇರೆಯೇ ಒಂದು ಸಾಲು ಇದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದು. ಮುಹೂರ್ತ, ಶಕುನಗಳ ಜೊತೆಗೆ ನೀರಿನ ಸೆಲೆ ಹುಡುಕುವುದು, ಗಿಡಮರ, ಅಡುಗೆ, ಔಷಧ ಎಲ್ಲ ಅದರಲ್ಲಿವೆ. ಸುಮಾರು 1300ರ ಅರ್ಹದ್ದಾಸನ 'ರಟ್ಟಮತ' ಮಳೆ, ಮಿಂಚು, ಭೂಕಂಪ, ಉತ್ಪಾತಗಳನ್ನೇ ವಿಷಯ ಮಾಡಿಕೊಂಡದ್ದು. ಭಾಸ್ಕರನೆಂಬವನು ಅದನ್ನು ತೆಲುಗಿಗೆ ತಂದ. ಇವುಗಳ ಹಿಂದೆ ವರಾಹಮಿಹಿರನ 'ಬೃಹತ್ಸಂಹಿತೆ' ಇದೆ. ಮೋಡ ಗರ್ಭ ಕಟ್ಟಿದ 195 ದಿನಗಳಿಗೆ ಹೆರುತ್ತದೆ, ಶುಕ್ಲಪಕ್ಷದ ಗರ್ಭ ಕೃಷ್ಣಪಕ್ಷದಲ್ಲಿ ಮಳೆಯಾಗುತ್ತದೆ ಎಂಬ ಲೆಕ್ಕ ಅಲ್ಲಿಯದು. ಈ ಸಂಹಿತೆಗಳ ಬಗ್ಗೆ ನನಗೆ ಗೌರವವಿದೆ. ಗಾಳಿಯ ದಿಕ್ಕು, ಮೋಡದ ಬಣ್ಣ, ಇರುವೆಯ ಓಡಾಟ ಇವನ್ನು ಕಣ್ಣಿಟ್ಟು ನೋಡಿದವರು ಈ ಗ್ರಂಥಗಳನ್ನು ಬರೆದರು. 195 ದಿನ ಎಂದು ಖಚಿತವಾಗಿ ಹೇಳಿದವನು ಎಣಿಸಿ ನೋಡಿ ಎಂದು ನಮ್ಮ ಕೈಗೆ ಅಳತೆಗೋಲನ್ನೂ ಕೊಟ್ಟಂತೆ.

ಯುಗಾದಿಯ ಪಂಚಾಂಗ ಶ್ರವಣಕ್ಕೆ ಬಂದರೆ ಆ ಅಳತೆಗೋಲು ಕಾಣೆಯಾಗುತ್ತದೆ. ಚೈತ್ರ ಶುದ್ಧ ಪಾಡ್ಯ ಯಾವ ವಾರವೋ ಆ ವಾರದ ಗ್ರಹ ವರ್ಷದ ರಾಜ. 2025ರಲ್ಲಿ ಭಾನುವಾರ, ಆದ್ದರಿಂದ ರವಿ. ಸೂರ್ಯ ಮೇಷಕ್ಕೆ ಹೋದ ವಾರದವನು ಮಂತ್ರಿ, ಕರ್ಕಕ್ಕೆ ಹೋದ ವಾರದವನು ಸಸ್ಯಾಧಿಪತಿ, ಆರ್ದ್ರಾ ನಕ್ಷತ್ರಕ್ಕೆ ಹೋದ ವಾರದವನು ಮೇಘಾಧಿಪತಿ. ಇಡೀ ದೇಶದ ಮಳೆ ಹೀಗೆ ಏಳು ಉತ್ತರಗಳಲ್ಲಿ ಒಂದಾಗುತ್ತದೆ, ಆಗುಂಬೆಗೂ ಬೆಳವಣಕಿಗೂ ಅದೇ ಒಬ್ಬ ಅಧಿಪತಿ. ಸಂವತ್ಸರದ ಹೆಸರಿಗೆ ಅಂಟಿದ ಫಲವಂತೂ ಅರವತ್ತು ವರ್ಷಕ್ಕೊಮ್ಮೆ ಹಾಗೇ ಮರಳುತ್ತದೆ. 1876ರಿಂದ 78ರವರೆಗಿನ ಮಹಾಕ್ಷಾಮ ಧಾರವಾಡ, ಕಲಾದಗಿ ಸೀಮೆಗಳನ್ನು ಹಿಂಡಿಹಾಕಿತು. ಆ ಬರ ಬಿದ್ದದ್ದು ಧಾತು, ಈಶ್ವರ ಸಂವತ್ಸರಗಳಲ್ಲಿ. ಕನ್ನಡನಾಡಿನಲ್ಲಿ ಅದನ್ನು ಧಾತು ಈಶ್ವರ ಬರ ಎಂದು ನೆನೆದವರುಂಟು. ಸಂವತ್ಸರದ ಹೆಸರು ದುಃಖವನ್ನು ನೆನಪಿಡಲು ಒದಗಿತು, ಮುಂಚೆ ಎಚ್ಚರಿಸಲು ಒದಗಲಿಲ್ಲ.

ಆ ಬರದ ಹೊತ್ತಿಗೆ ಇಪ್ಪತ್ತೆರಡರ ಹರೆಯದಲ್ಲಿದ್ದ ಒಬ್ಬ ಶಾಲಾ ಮಾಸ್ತರರಿಂದ ಈ ಕಥೆಯ ಎರಡನೆಯ ಭಾಗ ತೊಡಗುತ್ತದೆ. ವೆಂಕಟೇಶ ಬಾಪೂಜಿ ಕೇತಕರ ಹುಟ್ಟಿದ್ದು 1854ರಲ್ಲಿ, ಅದೇ ನರಗುಂದದಲ್ಲಿ. ಅವರಿಗೆ ನಾಲ್ಕು ವರ್ಷವಾಗಿದ್ದಾಗ ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬರ ಬಂಡಾಯ ನಡೆದು ಸಂಸ್ಥಾನವೇ ಹೋಯಿತು. ಮುಂದೆ ಬಾಗಲಕೋಟೆಯಲ್ಲಿ ಮಾಸ್ತರಿಕೆ ಮಾಡುತ್ತ ಅವರು ಹಿಡಿದ ಕೆಲಸ ಒಂದೇ: ಪಂಚಾಂಗದಲ್ಲಿ ಬರೆದ ಗ್ರಹ ಆಕಾಶದಲ್ಲೂ ಅಲ್ಲೇ ಕಾಣಬೇಕು. ಹಳೆಯ ಸಿದ್ಧಾಂತ, ಕರಣ ಗ್ರಂಥಗಳ ಅಂಕಿಗಳಲ್ಲಿ ಶತಮಾನಗಳ ಸಣ್ಣ ಸಣ್ಣ ತಪ್ಪು ಕೂಡಿಕೂಡಿ ಗ್ರಹಣದ ಹೊತ್ತೂ ಗ್ರಹದ ಸ್ಥಾನವೂ ಜಾರಿದ್ದವು. ಕೇತಕರರು ಯುರೋಪಿನ ಹೊಸ ಅಂಕಿಗಳನ್ನು ತೆಗೆದುಕೊಂಡು, ಅವನ್ನು ನಮ್ಮ ಗಣಕರಿಗೆ ಒಗ್ಗುವ ಸಂಸ್ಕೃತದ 'ಜ್ಯೋತಿರ್ಗಣಿತ'ವಾಗಿ, 'ಕೇತಕೀ ಗ್ರಹಗಣಿತ'ವಾಗಿ ಕಟ್ಟಿಕೊಟ್ಟರು. ಶ್ರೀಧರಾಚಾರ್ಯ ಸಂಸ್ಕೃತದ ವಿದ್ಯೆಯನ್ನು ಕನ್ನಡಕ್ಕೆ ಇಳಿಸಿದ್ದ; ಎಂಟು ನೂರು ವರ್ಷದ ಮೇಲೆ ಅವನ ಊರಿನವರೇ ಯುರೋಪಿನ ಗಣಿತವನ್ನು ಸಂಸ್ಕೃತಕ್ಕೆ ಏರಿಸಿದರು.

1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಕೇತಕರರ ಲೇಖನ ಬಂತು. ನೆಪ್ಚೂನಿನ ಆಚೆ ಎರಡು ಗ್ರಹಗಳಿರಬೇಕೆಂದು ಹೇಳಿ ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನ ದೂರ ಭೂಮಿ-ಸೂರ್ಯರ ಅಂತರದ 38.95 ಪಟ್ಟು, ಸುತ್ತುವ ಕಾಲ 242.28 ವರ್ಷ ಎಂದರು. 1930ರಲ್ಲಿ ಪ್ಲೂಟೊ ಸಿಕ್ಕಿತು. ಅದರ ದೂರ ಸುಮಾರು 39.5 ಪಟ್ಟು, ಕಾಲ ಸುಮಾರು 248 ವರ್ಷ. ಕೇತಕರರು ತೀರಿಕೊಂಡದ್ದೂ ಆ ವರ್ಷವೇ. ಗ್ರಹಗಳ ಚಲನೆಗಳ ನಡುವಿನ ಸರಳ ಅನುಪಾತವನ್ನು ನಂಬಿ ಮಾಡಿದ ಲೆಕ್ಕ ಅದು. ಪ್ಲೂಟೊ ತೀರ ಹಗುರವಾದ ಕಾಯವೆಂದು ಈಗ ಗೊತ್ತಿರುವುದರಿಂದ ಈ ಹೊಂದಿಕೆಯನ್ನು ಕಾಕತಾಳೀಯ ಎಂದೇ ಹೇಳಬೇಕು. ಕೇತಕರರ ನಿಜವಾದ ಕೊಡುಗೆ ಬ್ರಹ್ಮಗ್ರಹವಲ್ಲ, ಪಂಚಾಂಗದ ಶುದ್ಧಿ.

ಆ ಶುದ್ಧಿಯೊಳಗೊಂದು ಜಗಳವಿತ್ತು. ನಕ್ಷತ್ರಚಕ್ರ ಎಲ್ಲಿಂದ ಶುರು? ಚಿತ್ರಾ ನಕ್ಷತ್ರ ಸರಿಯಾಗಿ 180 ಅಂಶದಲ್ಲಿ ಬೀಳುವಂತೆ ಎಣಿಸಬೇಕೆಂದು ಕೇತಕರರ ಪಕ್ಷ. ರೇವತಿಯ ತಾರೆಯಿಂದಲೇ ಎಣಿಸಬೇಕೆಂದು ಬಾಲ ಗಂಗಾಧರ ತಿಲಕರ ಪಕ್ಷ. ನಡುವಿನ ವ್ಯತ್ಯಾಸ ಸುಮಾರು 4 ಅಂಶ. ಸೂರ್ಯ ದಿನಕ್ಕೆ ಒಂದು ಅಂಶ ನಡೆಯುವವನಾದ್ದರಿಂದ ತಿಲಕ ಪಂಚಾಂಗದಲ್ಲಿ ಮಕರ ಸಂಕ್ರಾಂತಿ ಜನವರಿ 10ರ ಸುಮಾರಿಗೇ ಬಂದುಬಿಡುತ್ತದೆ. ಇದೇ ಮಾತನ್ನು ಮೇಘಾಧಿಪತಿಗೆ ಅನ್ವಯಿಸಿ ನೋಡಿ. ಆರ್ದ್ರಾ ಪ್ರವೇಶ ನಾಲ್ಕು ದಿನ ಹಿಂದಾದರೆ ವಾರ ಬದಲಾಗುತ್ತದೆ, ವಾರ ಬದಲಾದರೆ ಮೋಡಗಳ ಒಡೆಯನೇ ಬದಲಾಗುತ್ತಾನೆ. ಆಕಾಶದ ಮೋಡಕ್ಕೆ ಮಾತ್ರ ಈ ಬದಲಾವಣೆ ಗೊತ್ತಾಗುವುದಿಲ್ಲ. ಶನಿಯ ಸಾಡೇಸಾತಿಯ ಭಯವೂ ಹೀಗೇ. ಆಕಾಶಕ್ಕೆ ಹೊಂದಿಸಿದ ದೃಕ್ ಗಣಿತದ ಪ್ರಕಾರ ಶನಿ ಮೀನಕ್ಕೆ ಹೋದದ್ದು 2025ರ ಮಾರ್ಚ್ 29ರಂದು. ಹಳೆಯ ಅಂಕಿಗಳನ್ನೇ ಅನುಸರಿಸುವ ತಮಿಳುನಾಡಿನ ವಾಕ್ಯ ಪಂಚಾಂಗದಲ್ಲಿ ಅದು 2026ಕ್ಕೆ. ಒಬ್ಬನೇ ಮನುಷ್ಯನ ಏಳೂವರೆ ವರ್ಷದ ಕಷ್ಟ ಯಾವ ಪುಸ್ತಕ ಕೊಂಡ ಎಂಬುದರ ಮೇಲೆ ಹೆಚ್ಚೂಕಡಿಮೆ ಒಂದು ವರ್ಷ ಆಚೀಚೆಯಾಗುವುದಾದರೆ, ಅದನ್ನು ನೆನೆದು ನಿದ್ದೆಗೆಡುವ ತಾಯಂದಿರಿಗೆ ಇದನ್ನು ತಿಳಿಸಿ ಹೇಳುವುದು ಪಂಚಾಂಗ ಬಲ್ಲವರ ಹೊಣೆ.

1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. 1955ರ ಅದರ ವರದಿ ಚಿತ್ರಾ ಪಕ್ಷದ ಎಣಿಕೆಯನ್ನೇ ಒಪ್ಪಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ನರಗುಂದದ ಮಾಸ್ತರರು ಹಿಡಿದಿದ್ದ ಪಕ್ಷ ಇಡೀ ದೇಶದ್ದಾಯಿತು.

ಈಗ ರೈತನ ಪ್ರಶ್ನೆಗೆ ಹಿಂದಿರುಗಬಹುದು. ಮಳೆ ನಕ್ಷತ್ರ ಎಂದರೆ ಚಂದ್ರನ ನಿತ್ಯ ನಕ್ಷತ್ರವಲ್ಲ, ಸೂರ್ಯ ಇರುವ ನಕ್ಷತ್ರ. 13 ಅಂಶ 20 ಕಲೆಯ ಒಂದೊಂದು ನಕ್ಷತ್ರವನ್ನು ಸೂರ್ಯ ದಾಟಲು 13-14 ದಿನ ಬೇಕು. ಹೀಗಾಗಿ ಪ್ರತಿ ವರ್ಷ ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ ಕೂಡುತ್ತವೆ. ಹಬ್ಬಗಳು ಚಂದ್ರನವು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಚರಗ ಚೆಲ್ಲುವ ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ ಇವು ಅಧಿಕಮಾಸದ ದೆಸೆಯಿಂದ ಹಿಂದೆ ಮುಂದೆ ಓಡಾಡುತ್ತವೆ. ಕಾರಹುಣ್ಣಿಮೆಗೆ ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಎಂದು ಫಲ ಹೇಳುವುದುಂಟು. ಅದು ಊರಿನ ಸಂತೋಷ. ಆದರೆ ಯಾವ ರೈತನೂ ಹುಣ್ಣಿಮೆ ನೋಡಿ ಕೂರಿಗೆ ಹೂಡುವುದಿಲ್ಲ. ಎತ್ತಿಗೆ ಚಂದ್ರ, ಬೀಜಕ್ಕೆ ಸೂರ್ಯ ಎಂಬ ಹಂಚಿಕೆಯನ್ನು ಅವನು ಯಾವ ಶಾಸ್ತ್ರಿಯನ್ನೂ ಕೇಳದೆ ಮಾಡಿಕೊಂಡಿದ್ದಾನೆ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ಅಯನಚಲನೆಯ ಕಾರಣದಿಂದ ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ನಕ್ಷತ್ರಗಳು ಋತುಗಳಿಂದ ಸರಿಯುತ್ತವೆ. ಒಂದು ಇಡೀ ನಕ್ಷತ್ರದಷ್ಟು ಸರಿಯಲು ಸುಮಾರು 960 ವರ್ಷ. 'ಜಾತಕತಿಲಕ' ಹುಟ್ಟಿ ಹೆಚ್ಚೂಕಡಿಮೆ ಅಷ್ಟೇ ಕಾಲವಾಗಿದೆ! ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಹೇಳುವುದಾದರೆ, ಶ್ರೀಧರಾಚಾರ್ಯನ ಕಾಲದಲ್ಲಿ ಮೇಷ ಸಂಕ್ರಾಂತಿ ಏಪ್ರಿಲ್ 14ಕ್ಕಲ್ಲ, ಮಾರ್ಚ್ ಕೊನೆಗೆ ಬರುತ್ತಿತ್ತು. ಮಿರಗ ಕೂಡುತ್ತಿದ್ದದ್ದು ಮೇ ನಾಲ್ಕನೆಯ ವಾರ. ಮುಂಗಾರು ಬೆಳ್ವೊಲಕ್ಕೆ ಕಾಲಿಡುವ ಜೂನ್ ಮೊದಲ ಭಾಗದಲ್ಲಿ ಕೂಡುತ್ತಿದ್ದದ್ದು ಆರ್ದ್ರೆ. ಪಂಚಾಂಗ ಇಂದಿಗೂ ಮೋಡದ ಒಡೆತನವನ್ನು ಆರ್ದ್ರೆಯ ಬಾಗಿಲಲ್ಲೇ ನಿರ್ಣಯಿಸುತ್ತದೆ. ರೈತನ ಬಾಗಿಲು ಮಿರಗ. ಎರಡರ ನಡುವಿನ ಅಂತರ ಸರಿಯಾಗಿ ಒಂದು ನಕ್ಷತ್ರ.

ಇದರಿಂದ ನಾನು ಮಾಡುವ ಊಹೆ ಇಷ್ಟು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆಮಗ ಉಂಡಷ್ಟೂ ಒಳ್ಳೇದು ಎಂಬಂಥ ಗಾದೆಗಳನ್ನು ನಾವು ಅನಾದಿ ಎಂದು ಹೊಗಳುತ್ತೇವೆ. ಇವು ಸಾವಿರ ವರ್ಷ ಅಲುಗದೆ ಬಂದಿದ್ದರೆ ಇಂದಿನ ಮಳೆಗೆ ಹೊಂದುತ್ತಿರಲಿಲ್ಲ. ಹೊಂದುತ್ತಿವೆ ಎಂದರೆ ಯಾರೋ ತಿದ್ದಿದ್ದಾರೆ. ಒಂದು ತಲೆಮಾರು ಕಂಡ ಮಳೆಯನ್ನು ಇನ್ನೊಂದು ತಲೆಮಾರು ಕಂಡ ಮಳೆಯ ಪಕ್ಕ ಇಟ್ಟು, ಹೊಂದದ ಮಾತನ್ನು ಬಿಟ್ಟು, ಹೊಂದುವ ಮಾತನ್ನು ಕಟ್ಟಿದವರು ಹೆಸರಿಲ್ಲದ ಒಕ್ಕಲಿಗರು, ಒಕ್ಕಲಿಗಿತ್ತಿಯರು. ಕೇತಕರರು ಕೋಷ್ಟಕದಲ್ಲಿ ಮಾಡಿದ ಕೆಲಸವನ್ನೇ ಅವರು ನಾಲಗೆಯ ಮೇಲೆ ಮಾಡಿದರು.

ಸರಿಯುವಿಕೆ ನಿಂತಿಲ್ಲ. ಇನ್ನೊಂದು ಒಂಬತ್ತು ನೂರು ಚಿಲ್ಲರೆ ವರ್ಷಕ್ಕೆ ಮಿರಗ ಜೂನ್ ಮೂರನೆಯ ವಾರಕ್ಕೆ ಹೋಗಿರುತ್ತದೆ. ಆಗ ಬೆಳವಣಕಿಯ ಎರೆಯಲ್ಲಿ ಮುಂಗಾರಿ ಹೆಸರು ಬಿತ್ತಲು ಕಾದವನು, ಇವತ್ತು ಮಿರಗ ಕೇಳುವ ಹೊತ್ತಿನಲ್ಲೇ, ರೋಹಿಣಿ ಎಂದ ಕೂಡತೈತ್ರಿ ಎಂದು ಕೇಳಬೇಕಾಗುತ್ತದೆ.